ಪ್ರಮಾಣವಚನ ಆದ ಮೇಲೆ ಶಾಲಾ ಸಂಸತ್ತಿಗೆ ಏನು ಕೆಲಸ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಶಿಕ್ಷಕಿ. ಸೇರಿ ಎರಡು ವರ್ಷ ಆಯಿತು. 8ರಿಂದ 10ನೇ ತರಗತಿವರೆಗೆ ಸುಮಾರು 180 ಮಕ್ಕಳಿದ್ದಾರೆ. ಶಾಲಾ ಸಂಸತ್ತು, ಇಕೋ ಕ್ಲಬ್, ಸೇವಾದಳ, ಪ್ರತಿಭಾ ಕಾರಂಜಿ ಎಲ್ಲದರ ಚಾರ್ಜ್ ನನ್ನದೇ. ವರ್ಷದ ಶುರುವಿನಲ್ಲಿ ಸಂಸತ್ತಿನ ಚುನಾವಣೆ ಭರ್ಜರಿಯಾಗಿ ನಡೆಯುತ್ತದೆ. ಪ್ರಮಾಣವಚನ ಆಗುತ್ತದೆ, ಗ್ರೂಪಿಗೆ ಫೋಟೊ ಹೋಗುತ್ತದೆ, ಅಲ್ಲಿಗೆ ಮುಗಿಯಿತು. ಉಳಿದ ಸಂಘಗಳು ಫೈಲಿನಲ್ಲಿವೆ. ಎಲ್ಲ ಸ್ಪರ್ಧೆಗೂ ಅದೇ ನಾಲ್ಕೈದು ಮಕ್ಕಳು ಹೋಗುತ್ತಾರೆ. ಪಕ್ಕದ ಹಳ್ಳಿಗಳಿಂದ ಬರುವ ಹೆಣ್ಣುಮಕ್ಕಳು ಬಸ್ ತಪ್ಪುತ್ತದೆ ಅಂತ ಸಂಜೆ ಉಳಿಯುವುದಿಲ್ಲ. ಸಹೋದ್ಯೋಗಿಗಳು "ಮೊದಲು ಎಸ್‌ಎಸ್‌ಎಲ್‌ಸಿ ರಿಸಲ್ಟ್ ನೋಡ್ರಿ ಮೇಡಂ" ಅನ್ನುತ್ತಾರೆ. ಎಚ್.ಎಂ. (ಮುಖ್ಯ ಶಿಕ್ಷಕರ) ಬೆಂಬಲ ಇದೆ. ನಾನು ಎಲ್ಲಿಂದ ಶುರು ಮಾಡಲಿ?

ಉತ್ತರ: ಮೇಡಂ, ಚುನಾವಣೆ ಭರ್ಜರಿಯಾಗಿ ನಡೆಯುತ್ತದೆ ಅಂತ ಬರೆದಿದ್ದೀರಿ. ಅಂದರೆ ನಿಮ್ಮ ಮಕ್ಕಳಲ್ಲಿ ಉತ್ಸಾಹಕ್ಕೆ ಕೊರತೆ ಇಲ್ಲ. ಗೆದ್ದ ಮೇಲೆ ಅವರಿಗೆ ಮಾಡಲು ಕೆಲಸ ಇಲ್ಲ, ಅಷ್ಟೇ. ಆರೋಗ್ಯ ಮಂತ್ರಿ ಅಂತ ಬ್ಯಾಡ್ಜ್ ಹಾಕಿಸಿಕೊಂಡ ಹುಡುಗಿಗೆ ತಾನು ಏನನ್ನು ತೀರ್ಮಾನ ಮಾಡಬಹುದು ಅಂತ ಯಾರೂ ಹೇಳಿರುವುದಿಲ್ಲ. ಹಾಗಾಗಿ ಹೊಸ ಸಂಘ, ಹೊಸ ಕಾರ್ಯಕ್ರಮ ಏನೂ ಬೇಡ. ಇರುವ ಸಂಸತ್ತಿಗೆ ಶಾಲೆಯ ಯಾವುದಾದರೂ ಒಂದು ನಿಜವಾದ ವಿಷಯವನ್ನು ಪೂರ್ತಿ ಒಪ್ಪಿಸಿ. ವಿಷಯ ಚಿಕ್ಕದಾದರೂ ಪರವಾಗಿಲ್ಲ, ಅದರಲ್ಲಿ ಮಕ್ಕಳ ಮಾತು ನಡೆಯಬೇಕು. ನೀವು ಕೇಳಿದ ಉಳಿದ ಪ್ರಶ್ನೆಗಳಿಗೂ ದಾರಿ ಇಲ್ಲಿಂದಲೇ ಸಿಗುತ್ತದೆ.

ಯಾವ ವಿಷಯ? ನಾನಾದರೆ ಬಿಸಿಯೂಟ ಆರಿಸಿಕೊಳ್ಳುತ್ತೇನೆ. ಅದು ದಿನಾ ನಡೆಯುತ್ತದೆ, ಎಲ್ಲರಿಗೂ ಸಂಬಂಧಪಟ್ಟದ್ದು, ಬದಲಾವಣೆ ಆದರೆ ಒಂದೇ ವಾರದಲ್ಲಿ ಕಣ್ಣಿಗೆ ಕಾಣುತ್ತದೆ. ರೇಷನ್ ಎಷ್ಟು ಬರಬೇಕು, ಯಾವ ದಿನ ಏನು ಅಡುಗೆ ಅನ್ನುವುದು ಮಕ್ಕಳ ಕೈಯಲ್ಲಿಲ್ಲ. ಅದನ್ನು ಮೊದಲೇ ಅವರಿಗೆ ಹೇಳಿಬಿಡಿ. ಆದರೆ ಸಾಲು ಹೇಗೆ ನಿಲ್ಲಬೇಕು, ಯಾರು ಮೊದಲು, ಎಲ್ಲಿ ಕೂರಬೇಕು, ತಟ್ಟೆ ತೊಳೆಯುವ ನಲ್ಲಿಯ ಹತ್ತಿರ ನೂಕಾಟ ಆಗದ ಹಾಗೆ ಏನು ಮಾಡಬೇಕು, ಚೆಲ್ಲುವ ಅನ್ನ ಹೇಗೆ ಕಡಿಮೆ ಮಾಡಬೇಕು, ಇದೆಲ್ಲ ಖಂಡಿತ ಅವರೇ ತೀರ್ಮಾನ ಮಾಡಬಹುದು.

ತೀರ್ಮಾನಕ್ಕೆ ಮೊದಲು ಒಂದು ವಾರ ಸುಮ್ನೆ ನೋಡಿ ಬರೆದುಕೊಳ್ಳಲಿ. ಆಹಾರ ಮಂತ್ರಿಯ ಜೊತೆ ಪ್ರತಿ ತರಗತಿಯಿಂದ ಇಬ್ಬರು ಸಾಕು. ಗಂಟೆ ಹೊಡೆದ ಮೇಲೆ ಕೊನೆಯ ಮಗುವಿಗೆ ಊಟ ಸಿಗಲು ಎಷ್ಟು ನಿಮಿಷ ಆಯಿತು? ಯಾರು ಕೊನೆಗೆ ಉಳಿದರು? ಎರಡನೇ ಸಲ ಸಾರು ಕೇಳಲು ಯಾರು ಹಿಂಜರಿದರು? ಯಾವ ದಿನ ಅನ್ನ ಜಾಸ್ತಿ ಚೆಲ್ಲಿತು? ನಾನು ಮುಖ್ಯ ಶಿಕ್ಷಕನಾಗಿದ್ದ ಒಂದು ಶಾಲೆಯಲ್ಲಿ ಮಕ್ಕಳು ಹೀಗೆ ಬರೆದಾಗ, 8ನೇ ತರಗತಿಯ ಹೆಣ್ಣುಮಕ್ಕಳು ಪ್ರತಿದಿನ ಕೊನೆಗೇ ಉಣ್ಣುತ್ತಿದ್ದಾರೆ ಅಂತ ಗೊತ್ತಾಯಿತು. ಸಂಸತ್ತಿನಲ್ಲಿ ಅದರ ಚರ್ಚೆ ಆಯಿತು. 10ನೇ ತರಗತಿಯ ಹುಡುಗರು, ನಮಗೆ ಸ್ಪೆಷಲ್ ಕ್ಲಾಸ್ ಇರುತ್ತದೆ, ಬೇಗ ಊಟ ಆಗಬೇಕು ಅಂದರು. ಅದೂ ನ್ಯಾಯವೇ. ಕೊನೆಗೆ ಮಕ್ಕಳು ಎರಡು ಸಾಲು ಮಾಡಿ, ದಿನಕ್ಕೊಂದು ತರಗತಿ ಮೊದಲು ಅಂತ ಪಾಳಿ ಹಾಕಿಕೊಂಡರು. ಸ್ಪೆಷಲ್ ಕ್ಲಾಸ್ ಇರುವ ದಿನ 10ನೇ ತರಗತಿಗೆ ಮೊದಲ ಅವಕಾಶ ಕೊಟ್ಟರು. ಈ ತೀರ್ಮಾನವನ್ನು ಯಾವ ಶಿಕ್ಷಕರು ಬೇಕಾದರೂ ಎರಡು ನಿಮಿಷದಲ್ಲಿ ಮಾಡಬಹುದಿತ್ತು. ಆದರೆ ನಿಯಮ ತಮ್ಮದೇ ಆಗಿದ್ದರಿಂದ ಅದನ್ನು ಮಕ್ಕಳೇ ಕಾಯ್ದುಕೊಂಡರು. ದೈಹಿಕ ಶಿಕ್ಷಕರು ಸೀಟಿ ಹಿಡಿದು ನಿಲ್ಲಬೇಕಾಗಲಿಲ್ಲ.

ಅಡುಗೆ ಮಾಡುವ ಅಕ್ಕಂದಿರನ್ನೂ ಆ ಸಭೆಗೆ ಕರೆಯಿರಿ. ಅವರನ್ನು ಪ್ರಶ್ನೆ ಕೇಳಿ ನಿಲ್ಲಿಸುವುದಕ್ಕಲ್ಲ, ಅವರ ಮಾತು ಕೇಳುವುದಕ್ಕೆ. ಅಷ್ಟು ದೊಡ್ಡ ಪಾತ್ರೆ ಎತ್ತುವ ಕಷ್ಟ, ನೀರು ಬಾರದ ದಿನದ ಪರದಾಟ ಮಕ್ಕಳಿಗೂ ಗೊತ್ತಾಗಲಿ. ಆಮೇಲೆ ಮಕ್ಕಳು ಅವರ ಜೊತೆ ಮಾತಾಡುವ ರೀತಿಯೇ ಬದಲಾಗುತ್ತದೆ.

ಈಗ ಸಭೆಯ ಕ್ರಮ. ಶನಿವಾರ ಬೆಳಗಿನ ಶಾಲೆ ಇರುತ್ತದಲ್ಲ, ಅದರ ಕೊನೆಯ ಪೀರಿಯಡ್ ಇದಕ್ಕೆ ಮೀಸಲಿಡಿ. ಎರಡು ವಾರಕ್ಕೊಮ್ಮೆ ಆದರೂ ಸಾಕು, ಆದರೆ ತಪ್ಪಬಾರದು. ಎಚ್.ಎಂ. ಬೆಂಬಲ ಇದೆ ಅಂದಿರಿ, ಹಾಗಿದ್ದರೆ ವೇಳಾಪಟ್ಟಿಯಲ್ಲೇ ಬರೆಸಿಬಿಡಿ. ವೇಳಾಪಟ್ಟಿಯಲ್ಲಿ ಇಲ್ಲದ ಚಟುವಟಿಕೆ ಸಿಲಬಸ್ ಮುಗಿಸುವ ಗಡಿಬಿಡಿಯಲ್ಲಿ ಮೊದಲು ಹೋಗುತ್ತದೆ.

ಮಕ್ಕಳು ಸುತ್ತ ಕೂರಲಿ. ಸ್ಪೀಕರ್ ಸಭೆ ನಡೆಸಲಿ. ನೀವು ಹಿಂದೆ ಕೂತುಕೊಳ್ಳಿ. ಒಂದು ನಡಾವಳಿ ಪುಸ್ತಕ ಇಡಿಸಿ: ಏನು ತೀರ್ಮಾನ ಆಯಿತು, ಯಾರು ಮಾಡಬೇಕು, ಯಾವ ದಿನದೊಳಗೆ. ಇಷ್ಟೇ ಬರೆದರೆ ಸಾಕು, ಭಾಷಣಗಳನ್ನೆಲ್ಲ ಬರೆಯುವುದು ಬೇಡ. ಮುಂದಿನ ಸಭೆ ಹಿಂದಿನ ಪುಟ ಓದುವುದರಿಂದ ಶುರುವಾಗಲಿ. ತರಗತಿ ಪ್ರತಿನಿಧಿಗಳು ತಮ್ಮ ತರಗತಿಯ ಪ್ರಶ್ನೆಗಳನ್ನು ಚೀಟಿಯಲ್ಲಿ ತರಲಿ. ಸೋತವರಲ್ಲಿ ಹೆಚ್ಚು ಮತ ಪಡೆದವರನ್ನು ವಿರೋಧ ಪಕ್ಷದ ನಾಯಕರನ್ನಾಗಿ ಮಾಡಿ, ಮೊದಲ ಪ್ರಶ್ನೆ ಕೇಳುವ ಹಕ್ಕು ಕೊಡಿ. ಸೋತ ಮಗುವಿಗೂ ಸಂಸತ್ತಿನಲ್ಲಿ ಒಂದು ಜಾಗ ಇದೆ ಅಂತ ಇಡೀ ಶಾಲೆ ನೋಡಬೇಕು.

ಕೊನೆಯ ಹತ್ತು ನಿಮಿಷಕ್ಕೆ ಎಚ್.ಎಂ. ಬರಲಿ. ಮಕ್ಕಳ ಬೇಡಿಕೆಗೆ ಆಗುತ್ತದೆ, ಆಗುವುದಿಲ್ಲ, ಯಾಕೆ ಆಗುವುದಿಲ್ಲ ಅಂತ ಹೇಳಲಿ. "ನೋಡೋಣ" ಅನ್ನುವ ಉತ್ತರ ಮಾತ್ರ ಬೇಡ. ಆಗುವುದಿಲ್ಲ ಅಂತ ಕಾರಣ ಸಹಿತ ಹೇಳಿದರೆ ಮಕ್ಕಳು ಒಪ್ಪುತ್ತಾರೆ. ಎರಡು ಮೂರು ಸಲ "ನೋಡೋಣ" ಕೇಳಿದ ಮೇಲೆ ಪ್ರಶ್ನೆ ಕೇಳುವುದನ್ನೇ ಬಿಡುತ್ತಾರೆ.

ಮೊದಲ ಕೆಲವು ಸಭೆ ಸಪ್ಪೆ ಅನಿಸಬಹುದು. "ವೇದಿಕೆ ಮೇಲಿರುವ ಗಣ್ಯರೇ" ಅಂತ ಶುರು ಮಾಡಿ ಮುಂದೆ ಮಾತು ಹೊರಡದೆ ನಿಲ್ಲುತ್ತಾರೆ. ಆಗ ನೀವು ಬಾಯಿ ಹಾಕಬೇಡಿ. ಮೌನ ಆದರೆ ಆಗಲಿ. ಯಾರೋ ಒಬ್ಬ ಹುಡುಗ ಹಿಂದಿನಿಂದ "ನಲ್ಲ್ಯಾಗ ನೀರ ಬರಂಗಿಲ್ರೀ" ಅಂತ ತನ್ನ ಮಾತಿನಲ್ಲೇ ಹೇಳಿಬಿಡುತ್ತಾನೆ. ಸಭೆ ನಿಜವಾಗಿ ಶುರುವಾಗುವುದು ಅಲ್ಲಿಂದ. ಗ್ರಾಂಥಿಕ ಭಾಷೆಯಲ್ಲೇ ಮಾತಾಡಬೇಕು ಅಂತ ಹಟ ಮಾಡಬೇಡಿ.

ಚುನಾವಣೆ ಬಗ್ಗೆ ಒಂದು ಕಷ್ಟದ ಮಾತು ಹೇಳಲೇಬೇಕು. ಊರಿನ ಜಾತಿ, ಓಣಿ, ದೊಡ್ಡ ಮನೆತನ ಎಲ್ಲ ಶಾಲೆಯ ಮತಪೆಟ್ಟಿಗೆಗೂ ಬರುತ್ತವೆ. ಜಾಸ್ತಿ ಮಕ್ಕಳು ಯಾವ ಓಣಿಯವರೋ ಆ ಓಣಿಯ ಹುಡುಗನೇ ಮುಖ್ಯಮಂತ್ರಿ ಆಗುವುದನ್ನು ನಾನು ಕಂಡಿದ್ದೇನೆ. ಚಾಕೊಲೇಟ್ ಹಂಚುವುದೂ ನಡೆಯುತ್ತದೆ. ಇದನ್ನು ಬೈದು ನಿಲ್ಲಿಸಲು ಆಗುವುದಿಲ್ಲ. ವ್ಯವಸ್ಥೆಯಲ್ಲೇ ಕೆಲವು ಬದಲಾವಣೆ ಮಾಡಿ. ಪ್ರತಿ ತರಗತಿಯಿಂದ ಒಬ್ಬ ಹುಡುಗ, ಒಬ್ಬ ಹುಡುಗಿ ಆಯ್ಕೆ ಆಗುವ ಹಾಗಿರಲಿ. ದೂರದ ಹಳ್ಳಿಗಳಿಂದ ಬರುವ ಮಕ್ಕಳಿಗೆ ಬೇರೆ ಸ್ಥಾನ ಇಡಿ. ಖಾತೆಗಳನ್ನು ವರ್ಷದ ಮಧ್ಯದಲ್ಲಿ, ದಸರಾ ರಜೆ ಮುಗಿದ ಮೇಲೆ, ಅದಲು ಬದಲು ಮಾಡಿ. ಪ್ರಚಾರಕ್ಕೆ ಪೋಸ್ಟರ್ ಬೇಡ. ಪ್ರಾರ್ಥನೆ ಆದ ಮೇಲೆ ಪ್ರತಿಯೊಬ್ಬ ಅಭ್ಯರ್ಥಿಗೂ ಎರಡೆರಡು ನಿಮಿಷ ಕೊಟ್ಟು, ಕೇಳುವವರು ಪ್ರಶ್ನೆ ಹಾಕಲಿ. "ಗ್ರಂಥಾಲಯದ ಬೀರು ಯಾವಾಗ ತೆಗಿಸ್ತೀ?" ಅನ್ನುವ ಪ್ರಶ್ನೆಯ ಮುಂದೆ ಮನೆತನದ ಹೆಸರು ಕೆಲಸಕ್ಕೆ ಬರುವುದಿಲ್ಲ.

ಈಗ ಬಹಳ ಶಾಲೆಗಳಲ್ಲಿ ಮೊಬೈಲ್ ಆ್ಯಪ್‌ನಲ್ಲೇ ಮತ ಹಾಕಿಸುತ್ತಾರೆ. ಮಕ್ಕಳಿಗೆ ಖುಷಿ, ಫಲಿತಾಂಶವೂ ಕೂಡಲೇ ಬರುತ್ತದೆ. ಆದರೂ ನನಗೆ ಕಾಗದದ ಮತಪತ್ರವೇ ಇಷ್ಟ. ಮತಪತ್ರ ಅಚ್ಚು ಹಾಕುವುದು, ಬೆರಳಿಗೆ ಶಾಯಿ ಹಚ್ಚುವುದು, ಏಜೆಂಟರ ಮುಂದೆ ಡಬ್ಬಿ ಒಡೆಯುವುದು, ಒಂದೊಂದೇ ಚೀಟಿ ಎತ್ತಿ ತೋರಿಸಿ ಎಣಿಸುವುದು, ಕುಲಗೆಟ್ಟ ಮತ ಯಾವುದು ಅಂತ ವಾದ ಮಾಡುವುದು, ಇದೆಲ್ಲ ಮಕ್ಕಳೇ ಮಾಡುವ ಕೆಲಸ. ನಿಮ್ಮ ವಿಷಯವೇ ಸಮಾಜ ವಿಜ್ಞಾನ. ಅಭ್ಯಾಸ ಆಗುವುದು ಎಣಿಕೆಯ ಮೇಜಿನ ಸುತ್ತ. ಚುನಾವಣಾ ಆಯೋಗ 2018ರಿಂದ ಶಾಲೆಗಳಲ್ಲಿ ಚುನಾವಣಾ ಸಾಕ್ಷರತಾ ಸಂಘಗಳನ್ನು ಮಾಡಿಸುತ್ತಿದೆ. ಅದರ ಚಟುವಟಿಕೆಯನ್ನೂ ಇದಕ್ಕೇ ಸೇರಿಸಿಬಿಡಿ, ಬೇರೆ ಕಾರ್ಯಕ್ರಮ ಬೇಡ.

ಇನ್ನು ಫೈಲಿನಲ್ಲಿರುವ ಸಂಘಗಳು. ಒಬ್ಬರೇ ನಾಲ್ಕನ್ನೂ ಎತ್ತಿ ನಿಲ್ಲಿಸಲು ಆಗುವುದಿಲ್ಲ ಮೇಡಂ. ಈ ವರ್ಷ ಒಂದನ್ನು ಮಾತ್ರ ಆರಿಸಿಕೊಳ್ಳಿ. ಸ್ಕೌಟ್ಸ್ ಮತ್ತು ಗೈಡ್ಸ್‌ಗೆ ತರಬೇತಿ ಪಡೆದ ಶಿಕ್ಷಕರು ಬೇಕೇ ಬೇಕು, ಯಾರಾದರೂ ತರಬೇತಿಗೆ ಹೋಗಲು ಒಪ್ಪಿದ ಮೇಲೆ ಅದನ್ನು ಯೋಚಿಸಿ. ಇಕೋ ಕ್ಲಬ್‌ಗೆ ಜೂನ್ 5ರ ಸಸಿ ನೆಡುವ ಫೋಟೊ ಬಿಟ್ಟು ಬೇರೆ ಕೆಲಸ ಕೊಡಬೇಕಾದರೆ ಬೇಸಿಗೆಯ ನೀರಿನ ವ್ಯವಸ್ಥೆ ಮೊದಲು ನೋಡಿ. ಕೈ ತೊಳೆದ ನೀರು ಹರಿಯುವ ಕಡೆ ಕರಿಬೇವು, ನುಗ್ಗೆ, ಪಪ್ಪಾಯಿ ಹಾಕಿದರೆ ಗಿಡ ಬದುಕುತ್ತದೆ. ನುಗ್ಗೆಸೊಪ್ಪು ಬಿಸಿಯೂಟದ ಸಾರಿಗೂ ಬರುತ್ತದೆ.

ನಿಮ್ಮ ಜಿಲ್ಲೆಗೆ ಸೇವಾದಳ ಬಹಳ ಚೆನ್ನಾಗಿ ಹೊಂದುತ್ತದೆ. ಅದು ಎಲ್ಲಿಂದಲೋ ಬಂದದ್ದಲ್ಲ. 1923ರಲ್ಲಿ ಸ್ವಾತಂತ್ರ್ಯ ಹೋರಾಟಗಾರ ಡಾ. ನಾ.ಸು. ಹರ್ಡೀಕರ್ ಕಟ್ಟಿದ ಹಿಂದೂಸ್ತಾನಿ ಸೇವಾದಳದ ಕೇಂದ್ರ ಕಚೇರಿ ಇದ್ದದ್ದು ಪಕ್ಕದ ಹುಬ್ಬಳ್ಳಿಯಲ್ಲೇ. 1924ರಲ್ಲಿ ಗಾಂಧೀಜಿ ಅಧ್ಯಕ್ಷತೆಯ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ದಳದ ಸ್ವಯಂಸೇವಕರು ದುಡಿದರು. ಇವತ್ತು ಶಾಲೆಗಳಲ್ಲಿ ಸೇವಾದಳ ಅಂದರೆ ಆಗಸ್ಟ್ 15ರ ಮುಂಚಿನ ಕವಾಯತು ಅಷ್ಟೇ ಅನ್ನುವ ಹಾಗಾಗಿದೆ. ಅದನ್ನು ಸ್ವಲ್ಪ ಅಗಲ ಮಾಡಿ. ಧ್ವಜದ ಉದ್ದ ಅಗಲ 3:2 ಯಾಕೆ ಇರಬೇಕು, ಹೇಗೆ ಮಡಚಬೇಕು, ಹೇಗೆ ಕಟ್ಟಬೇಕು ಅನ್ನುವುದನ್ನು 9ನೇ ತರಗತಿಯವರು 8ನೆಯವರಿಗೆ ಕಲಿಸಲಿ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ರಾಷ್ಟ್ರಧ್ವಜ ತಯಾರಿಸುವ ಘಟಕ ಇದೆ. ಅಲ್ಲಿಗೆ ಒಂದು ದಿನದ ಹೊರಸಂಚಾರ ಮಾಡಿಸಿ. ಬಟ್ಟೆ ಕತ್ತರಿಸುವುದು, ಚಕ್ರ ಅಚ್ಚು ಹಾಕುವುದು, ಹೊಲಿಯುವುದು ಎಲ್ಲವನ್ನೂ ಮಾಡುವ ಹೆಂಗಸರನ್ನು ಮಕ್ಕಳು ನೋಡಲಿ.

ಇನ್ನೊಂದು ಕೆಲಸ ನಿಮ್ಮ ಜಿಲ್ಲೆಯಲ್ಲೇ ಕಾದಿದೆ. ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ 1930ರಲ್ಲಿ ಗಾಂಧೀಜಿ ಜೊತೆ ದಂಡಿಗೆ ನಡೆದವರು. 1943ರಲ್ಲಿ ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದರು. ಆಗಸ್ಟ್ 15ಕ್ಕೆ ಬರೆದು ಕೊಟ್ಟ ಭಾಷಣ ಬಾಯಿಪಾಠ ಮಾಡಿಸುವ ಬದಲು, ನಾಲ್ಕು ಮಕ್ಕಳ ಒಂದು ತಂಡ ಆ ಊರುಗಳಿಗೆ ಹೋಗಿ, ಹಿರಿಯರನ್ನು ಮಾತಾಡಿಸಿ, ತಿಳಿದದ್ದನ್ನು ತಮ್ಮ ಮಾತಿನಲ್ಲಿ ಹೇಳಲಿ. ಊರಿನವರು ಭಾಷಣಕ್ಕಿಂತ ಇದನ್ನು ಕಿವಿಗೊಟ್ಟು ಕೇಳುತ್ತಾರೆ.

ಪ್ರತಿಭಾ ಕಾರಂಜಿಗೆ ಅದೇ ನಾಲ್ಕೈದು ಮಕ್ಕಳು ಹೋಗುತ್ತಾರೆ ಅಂದಿರಿ. ಇದು ರಾಜ್ಯದ ಬಹುಪಾಲು ಶಾಲೆಗಳ ಕಥೆ. ಸ್ಪರ್ಧೆಯ ದಿನ ಗೊತ್ತಾದ ಮೇಲೆ ತಯಾರಿ ಶುರು ಮಾಡುತ್ತೇವೆ. ಎರಡು ಮೂರು ದಿನದಲ್ಲಿ ತಯಾರಾಗುವವರು ಮೊದಲೇ ಬಲ್ಲವರೇ ತಾನೆ? ಅವರಿಗೇ ಭಾಷಣ, ಅವರಿಗೇ ಕಂಠಪಾಠ, ಅವರಿಗೇ ಛದ್ಮವೇಷ. ಕ್ಲಸ್ಟರ್ ದಾಟಿ ತಾಲ್ಲೂಕಿಗೆ ಹೋದರೆ ಶಾಲೆಗೆ ಹೆಸರು ಅನ್ನುವ ಆಸೆ ನಮಗೂ ಇರುತ್ತದೆ. ಆ ಆಸೆ ತಪ್ಪಲ್ಲ. ಆದರೆ ಉಳಿದ ಮಕ್ಕಳು ಹತ್ತನೇ ತರಗತಿ ಮುಗಿಸಿ ಹೋಗುವವರೆಗೆ ಒಂದು ಸಲವೂ ಮೈಕ್ ಮುಂದೆ ನಿಂತಿರುವುದಿಲ್ಲ. ನನ್ನನ್ನು ಕಾಡುವ ವಿಷಯ ಇದು.

ಹೀಗೆ ಮಾಡಿ. ಜುಲೈಯಿಂದಲೇ ವಾರಕ್ಕೊಂದು ತರಗತಿಗೆ ಪ್ರಾರ್ಥನೆಯ ಹೊಣೆ ಕೊಡಿ. ಸುದ್ದಿ ಓದುವುದು, ದಿನದ ಮಾತು, ಒಂದು ಹಾಡು, ಒಂದು ಒಗಟು. ವರ್ಷ ಮುಗಿಯುವುದರೊಳಗೆ ಪ್ರತಿ ಮಗುವೂ ಒಂದು ಸಲವಾದರೂ ಮುಂದೆ ಬಂದಿರಬೇಕು ಅನ್ನುವುದು ನಿಯಮ. ಹೆಸರಿನ ಮುಂದೆ ಗುರುತು ಹಾಕುವುದು ಸಾಂಸ್ಕೃತಿಕ ಮಂತ್ರಿಯ ಕೆಲಸ. 180 ಮಕ್ಕಳೂ ಬರುತ್ತಾರಾ ಅಂತ ಅನುಮಾನ ಇದ್ದರೆ ಲೆಕ್ಕ ಹಾಕಿ ನೋಡಿ: ದಿನಕ್ಕೆ ಇಬ್ಬರಂತೆ 90 ಶಾಲಾ ದಿನ ಸಾಕು. ತೊದಲುವ ಮಗು, ನಾಚುವ ಮಗು ಒಬ್ಬರೇ ಬರಬೇಕಿಲ್ಲ, ಜೊತೆಗೆ ಗೆಳತಿಯನ್ನು ಕರೆದುಕೊಂಡು ಬರಲಿ. ಯಾರೂ ನಗದ ಹಾಗೆ ನೋಡಿಕೊಳ್ಳುವ ಕೆಲಸ ಮಾತ್ರ ಶಿಕ್ಷಕರದು.

ಸ್ಪರ್ಧೆಗೆ ಒಂದು ಮಗುವಿಗೆ ಒಂದೇ ವೈಯಕ್ತಿಕ ವಿಭಾಗ ಅಂತ ಶಾಲೆಯ ಮಟ್ಟದಲ್ಲಿ ನೀವೇ ನಿಯಮ ಮಾಡಿಕೊಳ್ಳಬಹುದು. ಗುಂಪಿನ ವಿಭಾಗಗಳಿಗೆ, ಜಾನಪದ ನೃತ್ಯದಂಥವಕ್ಕೆ, ಜಾಸ್ತಿ ಒತ್ತು ಕೊಡಿ. ಹಾಡು ಹುಡುಕಲು ಯೂಟ್ಯೂಬ್‌ಗೆ ಹೋಗುವ ಮೊದಲು ಮಕ್ಕಳ ಮನೆಗಳ ಕಡೆ ನೋಡಿ. ಶಿಶುನಾಳ ಷರೀಫರ ಜಿಲ್ಲೆ ನಿಮ್ಮದು, ಕನಕದಾಸರ ಬಾಡ ನಿಮ್ಮದು. ಭಜನೆ ಪದ, ಸೋಬಾನೆ, ಬೀಸುವ ಪದ ಬಲ್ಲ ಅಜ್ಜಿಯರು ನಿಮ್ಮ ಮಕ್ಕಳ ಮನೆಯಲ್ಲೇ ಇರುತ್ತಾರೆ. ಡೊಳ್ಳು ಬಾರಿಸುವ ಕಾಕಾ ಇರುತ್ತಾರೆ. ಅವರನ್ನು ಶನಿವಾರ ಶಾಲೆಗೆ ಕರೆಸಿ, ಗೌರವದಿಂದ ಕೂರಿಸಿ, ಮಕ್ಕಳಿಗೆ ಕಲಿಸಿ ಅಂತ ಕೇಳಿ. ತರಗತಿಯಲ್ಲಿ ಹಿಂದೆ ಕೂರುವ ಹುಡುಗನ ಅಜ್ಜಿ ಎಲ್ಲರಿಗೂ ಹಾಡು ಕಲಿಸಿದ ದಿನ ಅವನು ಕೂರುವ ರೀತಿಯೇ ಬೇರೆ ಇರುತ್ತದೆ. ಬಾಡಿಗೆ ವೇಷಭೂಷಣದ ಖರ್ಚೂ ಉಳಿಯುತ್ತದೆ, ಇಳಕಲ್ ಸೀರೆ, ಧೋತರ ಮನೆಯಲ್ಲೇ ಸಿಗುತ್ತವೆ. ಉಡುಪಿ ಭಾಗದಲ್ಲಿ ಎಷ್ಟೋ ಪ್ರೌಢಶಾಲೆಗಳ ಮಕ್ಕಳು ಯಕ್ಷಗಾನ ಕಲಿತು ವರ್ಷಕ್ಕೊಮ್ಮೆ ಪೂರ್ಣ ಪ್ರಸಂಗ ಆಡುತ್ತಾರೆ. ಅಲ್ಲಿಯ ಮಣ್ಣಿನಲ್ಲಿ ಇದ್ದದ್ದನ್ನೇ ಶಾಲೆಗೆ ತಂದದ್ದರಿಂದ ಅದು ನಿಂತಿದೆ. ಡೊಳ್ಳು, ಭಜನೆ ನಿಮ್ಮಲ್ಲಿ ಹಾಗೇ ನಿಲ್ಲಬಹುದು.

ಹೆಣ್ಣುಮಕ್ಕಳ ಬಸ್ಸಿನ ವಿಷಯ. ಸಂಜೆ ಉಳಿಸುವ ಯೋಚನೆ ಪೂರ್ತಿ ಬಿಟ್ಟುಬಿಡಿ. ಶಾಲೆ ಬಿಟ್ಟ ಮೇಲೆ ನಡೆಯುವ ಯಾವ ಚಟುವಟಿಕೆಯೂ ದೂರದ ಹುಡುಗಿಯರನ್ನು ಹೊರಗಿಡುತ್ತದೆ. ಅವರನ್ನು ಹೊರಗಿಟ್ಟು ಮಾಡುವ ಚಟುವಟಿಕೆ ನಿಮಗೆ ಬೇಡ. ಎಲ್ಲವೂ ಶಾಲಾ ವೇಳೆಯಲ್ಲೇ ಆಗಲಿ: ಶನಿವಾರದ ಪೀರಿಯಡ್, ಊಟದ ಬಿಡುವಿನ ಕೊನೆಯ ಭಾಗ, ವಾರದ ಒಂದು ಗ್ರಂಥಾಲಯ ಪೀರಿಯಡ್. 2023ರ ಜೂನ್‌ನಿಂದ ಶಕ್ತಿ ಯೋಜನೆ ಇರುವುದರಿಂದ ತಾಲ್ಲೂಕಿನ ಸ್ಪರ್ಧೆಗೆ ಹೋಗಲು ಹುಡುಗಿಯರಿಗೆ ಟಿಕೆಟ್ ಖರ್ಚಿಲ್ಲ. ವಾಪಸ್ ಬರುವ ಬಸ್ಸಿನ ವೇಳೆ ಮಾತ್ರ ಮೊದಲೇ ನೋಡಿಕೊಳ್ಳಿ, ಶಿಕ್ಷಕಿಯೊಬ್ಬರು ಜೊತೆಗಿರಲಿ. ಮನೆಯವರಿಗೆ ಹಿಂದಿನ ದಿನವೇ ನೀವೇ ಫೋನ್ ಮಾಡಿ.

ಬಸ್ಸಿನ ವೇಳೆಯೇ ಶಾಲೆಗೆ ಹೊಂದುತ್ತಿಲ್ಲ ಅನ್ನುವುದಾದರೆ ಅದು ಸಂಸತ್ತಿನ ಎರಡನೇ ವಿಷಯ ಆಗಬಹುದು. ಯಾವ ಹಳ್ಳಿಯಿಂದ ಎಷ್ಟು ಮಕ್ಕಳು, ಬಸ್ ಎಷ್ಟಕ್ಕೆ ಬರುತ್ತದೆ, ಎಷ್ಟಕ್ಕೆ ಬರಬೇಕು ಅಂತ ಪಟ್ಟಿ ಮಾಡಿ, ಡಿಪೋ ಮ್ಯಾನೇಜರ್‌ಗೆ ಮಕ್ಕಳೇ ಅರ್ಜಿ ಬರೆಯಲಿ. ಎಚ್.ಎಂ. ಮತ್ತು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರ ಸಹಿ ಇರಲಿ. ಬಸ್ಸಿನ ಹೊತ್ತು ಬದಲಾಗುತ್ತದೋ ಇಲ್ಲವೋ, ಪತ್ರ ಲೇಖನ ಅನ್ನುವ ಪಾಠ ಅಷ್ಟು ಚೆನ್ನಾಗಿ ಬೇರೆಲ್ಲೂ ಆಗುವುದಿಲ್ಲ. ಅದೇ ಪ್ರಶ್ನೆ ಎಸ್‌ಎಸ್‌ಎಲ್‌ಸಿಯಲ್ಲೂ ಬರುತ್ತದೆ.

ಇಲ್ಲಿಂದ ಸಹೋದ್ಯೋಗಿಗಳ ಮಾತಿಗೆ ಬರೋಣ. ಅವರ ಭಯ ಸುಳ್ಳಲ್ಲ. ಫಲಿತಾಂಶ ಕಡಿಮೆ ಆದರೆ ನೋಟಿಸ್ ಬರುವುದು ಅವರಿಗೇ. ಆದ್ದರಿಂದ ಅವರ ಜೊತೆ ವಾದಕ್ಕೆ ಇಳಿಯಬೇಡಿ, ಕೆಲಸ ಹಂಚಿಕೊಳ್ಳಿ. ಎಸ್‌ಎಸ್‌ಎಲ್‌ಸಿಯ 625 ಅಂಕದಲ್ಲಿ 125 ಆಂತರಿಕ ಮೌಲ್ಯಮಾಪನದ್ದು, ಅಲ್ವಾ? ಅದಕ್ಕೆ ಮಕ್ಕಳಿಂದ ಹೇಗೂ ಚಟುವಟಿಕೆ ಮಾಡಿಸಬೇಕು. ಈಗ ಏನಾಗುತ್ತದೆ? ಗೈಡಿನಿಂದ ನಕಲು ಮಾಡಿದ ಪ್ರಾಜೆಕ್ಟ್ ಬರುತ್ತದೆ. ಅದರ ಬದಲು ಬಿಸಿಯೂಟದ ವಾರದ ಲೆಕ್ಕವನ್ನು ಗಣಿತದ ಶಿಕ್ಷಕರು ಸಂಖ್ಯಾಶಾಸ್ತ್ರದ ಚಟುವಟಿಕೆಯಾಗಿ ತೆಗೆದುಕೊಳ್ಳಬಹುದು, ಸರಾಸರಿ, ನಕ್ಷೆ ಎಲ್ಲ ಅದರಲ್ಲೇ ಬರುತ್ತವೆ. ಮೋಟೆಬೆನ್ನೂರಿನ ವರದಿ ನಿಮ್ಮ ವಿಷಯಕ್ಕೆ, ಡಿಪೋ ಅರ್ಜಿ ಕನ್ನಡಕ್ಕೆ, ಊರಿನ ನೀರಿನ ಸಮೀಕ್ಷೆ ವಿಜ್ಞಾನಕ್ಕೆ. ಆ ಸಮೀಕ್ಷೆ ಚೆನ್ನಾಗಿ ಆದರೆ ಮಕ್ಕಳ ವಿಜ್ಞಾನ ಸಮಾವೇಶಕ್ಕೂ ಕಳಿಸಬಹುದು, ಸ್ಥಳೀಯ ಸಮಸ್ಯೆಯ ಅಧ್ಯಯನವನ್ನೇ ಅವರು ಕೇಳುವುದು. ಹೀಗೆ ಮಾಡಿದರೆ ಸಹೋದ್ಯೋಗಿಗಳಿಗೆ ಹೊಸ ಹೊರೆ ಬೀಳುವುದಿಲ್ಲ, ಇದ್ದ ಕೆಲಸವೇ ಚೆನ್ನಾಗಿ ಆಗುತ್ತದೆ.

10ನೇ ತರಗತಿಯವರ ಸಮಯ ಮಾತ್ರ ಕಾಯಿರಿ. ಡಿಸೆಂಬರ್‌ವರೆಗೆ ಅವರು ಮುಂದಾಳುಗಳಾಗಿರಲಿ. ಜನವರಿಯಲ್ಲಿ ಖಾತೆಗಳನ್ನು 9ನೇ ತರಗತಿಯ ಉಪಮಂತ್ರಿಗಳಿಗೆ ವಹಿಸಿಕೊಟ್ಟು ಓದಿಗೆ ಕೂರಲಿ. ಶಿಕ್ಷಣ ಮಂತ್ರಿಗೆ ಒಂದು ಒಳ್ಳೆ ಕೆಲಸ ಇದೆ: ಓಣಿವಾರು, ಹಳ್ಳಿವಾರು ಗುಂಪು ಅಧ್ಯಯನದ ಪಟ್ಟಿ ಮಾಡುವುದು, ಯಾರು ಸತತವಾಗಿ ಶಾಲೆಗೆ ಬರುತ್ತಿಲ್ಲ ಅಂತ ನಿಮಗೆ ಹೇಳುವುದು. ಸುಗ್ಗಿ ದಿನಗಳಲ್ಲಿ ಹತ್ತಿ, ಗೋವಿನಜೋಳದ ಕೆಲಸಕ್ಕೆ ಹೋಗುವ ಮಕ್ಕಳನ್ನು ವಾಪಸ್ ಕರೆತರಲು ಶಿಕ್ಷಕರ ಫೋನಿಗಿಂತ ಗೆಳೆಯರ ಮಾತು ಬೇಗ ಮುಟ್ಟುತ್ತದೆ.

ನವೆಂಬರ್ ಹೊತ್ತಿಗೆ ನಿಮ್ಮ ಗ್ರಾಮ ಪಂಚಾಯತಿಯ ಮಕ್ಕಳ ಗ್ರಾಮಸಭೆ ಬರುತ್ತದೆ. ದಯವಿಟ್ಟು ಅದನ್ನು ಬಿಡಬೇಡಿ. 1990ರ ದಶಕದಲ್ಲಿ ಕುಂದಾಪುರ ಭಾಗದಲ್ಲಿ ಮಕ್ಕಳೇ ತಮ್ಮ ಪಂಚಾಯತಿ ನಡೆಸಿ, ದೊಡ್ಡವರ ಪಂಚಾಯತಿಯ ಮುಂದೆ ಬೇಡಿಕೆ ಇಟ್ಟ ಇತಿಹಾಸ ನಮ್ಮ ರಾಜ್ಯಕ್ಕಿದೆ. ಬಹಳ ಕಡೆ ಈ ಸಭೆ ಸ್ವಾಗತ, ಹಾರ, ಬಿಸ್ಕತ್ತಿನಲ್ಲಿ ಮುಗಿಯುತ್ತದೆ. ನಿಮ್ಮ ಮಕ್ಕಳು ನಡಾವಳಿ ಪುಸ್ತಕ ಹಿಡಿದು ಹೋದರೆ ಹಾಗಾಗುವುದಿಲ್ಲ. "ಶಾಲೆಯ ದಾರಿಯಲ್ಲಿ ದೀಪ ಇಲ್ಲ", "ಹುಡುಗಿಯರ ಶೌಚಾಲಯಕ್ಕೆ ನೀರಿನ ಪೈಪ್ ಬೇಕು", "ಕಾಂಪೌಂಡ್ ಬಿದ್ದಿದೆ" ಅಂತ ಮೂರೇ ಬೇಡಿಕೆ, ಬರೆದುಕೊಂಡು, ಅಳತೆ ಸಮೇತ ಹೋಗಲಿ. ಸಭೆಯ ನಡಾವಳಿಯಲ್ಲಿ ಬರೆಸಿಕೊಂಡೇ ಬರಲಿ. ಮುಂದಿನ ತಿಂಗಳು ಏನಾಯಿತು ಅಂತ ಪಿಡಿಒ (ಪಂಚಾಯತಿ ಅಭಿವೃದ್ಧಿ ಅಧಿಕಾರಿ) ಅವರನ್ನು ಕೇಳಲು ಇಬ್ಬರು ಹೋಗಲಿ. ನಮ್ಮ ರಾಜ್ಯದಲ್ಲಿ ಎಷ್ಟೋ ಶಾಲೆಗಳ ಕಾಂಪೌಂಡ್, ಆಟದ ಮೈದಾನ, ಶೌಚಾಲಯ ನರೇಗಾ ಹಣದಲ್ಲಿ ಆಗಿವೆ. ಕೇಳಿದವರಿಗೆ ಸಿಕ್ಕಿವೆ.

ಕೆಲವು ಎಚ್ಚರಿಕೆಗಳು. ಮಂತ್ರಿಗಳಿಗೆ ಬೇರೆ ಮಕ್ಕಳನ್ನು ಶಿಕ್ಷಿಸುವ ಅಧಿಕಾರ ಕೊಡಬೇಡಿ. ಗಲಾಟೆ ಮಾಡಿದವರ ಹೆಸರು ಬರೆಯುವುದು, ಕೋಲು ಹಿಡಿದು ಸಾಲು ನಿಲ್ಲಿಸುವುದು ಶುರುವಾದರೆ ಸಂಸತ್ತು ಮಕ್ಕಳದ್ದಾಗಿ ಉಳಿಯುವುದಿಲ್ಲ. ಸ್ವಚ್ಛತಾ ಮಂತ್ರಿ ಅಂದರೆ ಕಸ ಗುಡಿಸುವವರು ಅಂತಲೂ ಆಗಬಾರದು. ಮಕ್ಕಳ ಕೈಯಿಂದ ಶೌಚಾಲಯ ತೊಳೆಸುವಂತಿಲ್ಲ, ಯಾವ ಹೆಸರಿನಲ್ಲೂ. ಈ ಕೆಲಸಗಳು ಯಾವಾಗಲೂ ಒಂದೇ ಓಣಿಯ ಮಕ್ಕಳಿಗೆ ಬೀಳುತ್ತಿವೆಯಾ ಅಂತ ನೀವೇ ಕಣ್ಣಿಟ್ಟು ನೋಡಬೇಕು. ಸಂಸತ್ತಿನ ಹೆಸರಿನಲ್ಲಿ ಮಕ್ಕಳಿಂದ ದುಡ್ಡು ಎತ್ತಬೇಡಿ.

ದೂರು ಪೆಟ್ಟಿಗೆ ಇಟ್ಟರೆ ಅದರ ಬೀಗದ ಕೈ ಮಕ್ಕಳ ಹತ್ತಿರ ಇರಬಾರದು. ವಾರಕ್ಕೊಮ್ಮೆ ನೀವು ಮತ್ತು ಎಚ್.ಎಂ. ಇಬ್ಬರೇ ತೆಗೆಯಿರಿ. ನಲ್ಲಿ, ಬೆಂಚಿನ ವಿಷಯ ಇದ್ದರೆ ಸಂಸತ್ತಿಗೆ ಕಳಿಸಿ. ಮಗುವಿನ ಮೈಗೆ, ಮನಸ್ಸಿಗೆ ನೋವಾದ ವಿಷಯ ಇದ್ದರೆ ಅದು ಚರ್ಚೆಯ ವಸ್ತು ಅಲ್ಲ, ಕಾನೂನು ಹೇಳಿದ ಹಾಗೆ ಅವತ್ತೇ ಮುಂದಿನ ಕ್ರಮ ಆಗಬೇಕು. 1098 ಅನ್ನುವ ಮಕ್ಕಳ ಸಹಾಯವಾಣಿ ಸಂಖ್ಯೆ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿ. ಹೆಣ್ಣುಮಕ್ಕಳ ಜೊತೆ ತಿಂಗಳಿಗೊಮ್ಮೆ ನೀವು ಬೇರೆ ಕೂತು ಮಾತಾಡಿ. ಶೌಚಾಲಯದ ಚಿಲಕ, ನೀರು, ಪ್ಯಾಡ್ ಎಸೆಯಲು ಡಬ್ಬಿ, ಇಂಥ ಮಾತು ಹುಡುಗರ ಮುಂದೆ ಸಂಸತ್ತಿನಲ್ಲಿ ಬರುವುದಿಲ್ಲ. ಹುಡುಗಿಯರು ಶಾಲೆ ತಪ್ಪಿಸುವ ಕಾರಣ ಎಷ್ಟೋ ಸಲ ಅಲ್ಲೇ ಇರುತ್ತದೆ.

ಫೋಟೊ ಬೇಕೇ ಬೇಕು ಅಂತ ಮೇಲಿನಿಂದ ಕೇಳುತ್ತಾರೆ, ಗೊತ್ತು. ಒಂದು ತೆಗೆದು ಕಳಿಸಿ, ಫೋನ್ ಒಳಗಿಡಿ. ಮಕ್ಕಳು ಕ್ಯಾಮೆರಾ ಕಡೆ ತಿರುಗಿ ಕೂತ ಸಭೆಯಲ್ಲಿ ಯಾರೂ ಯಾರ ಮಾತೂ ಕೇಳುವುದಿಲ್ಲ.

ಕೊನೆಗೆ ಒಂದು ವ್ಯವಹಾರದ ಮಾತು. ಇವತ್ತಲ್ಲ ನಾಳೆ ನಿಮಗೆ ವರ್ಗಾವಣೆ ಆಗುತ್ತದೆ. ಒಬ್ಬ ಶಿಕ್ಷಕಿಯ ಮೇಲೆ ನಿಂತ ಸಂಸತ್ತು ಅವರ ರಿಲೀವಿಂಗ್ ಆರ್ಡರ್ ಜೊತೆಗೇ ಮುಗಿದದ್ದನ್ನು ನಾನು ಹಲವು ಕಡೆ ನೋಡಿದ್ದೇನೆ. ಆದ್ದರಿಂದ ಮೊದಲ ಸಭೆಯಿಂದಲೇ ಇನ್ನೊಬ್ಬ ಸಹೋದ್ಯೋಗಿಯನ್ನು ಜೊತೆಗೆ ಕೂರಿಸಿಕೊಳ್ಳಿ. "ರಿಸಲ್ಟ್ ನೋಡ್ರಿ" ಅಂದವರನ್ನೇ ಕರೆಯಿರಿ, ಗಣಿತದ ಮೇಷ್ಟ್ರಾದರೆ ಇನ್ನೂ ಒಳ್ಳೆಯದು, ಊಟದ ಲೆಕ್ಕ ಅವರಿಗೆ ರುಚಿಸುತ್ತದೆ. ನಡಾವಳಿ ಪುಸ್ತಕ ನಿಮ್ಮ ಬ್ಯಾಗಿನಲ್ಲಿ ಬೇಡ, ಕಚೇರಿಯ ಬೀರುವಿನಲ್ಲಿ ಹಾಜರಿ ಪುಸ್ತಕದ ಪಕ್ಕ ಇರಲಿ. ಬರುವ ಶನಿವಾರಕ್ಕೆ ಸ್ಪೀಕರ್ ಕೈಗೆ ಒಂದು 200 ಪುಟದ ನೋಟ್‌ಬುಕ್ ಕೊಟ್ಟು, ಮೊದಲ ಪುಟದ ಮೇಲೆ ಬಿಸಿಯೂಟದ ಸಾಲು ಅಂತ ಬರೆಸಿ.